ಮೊದಲು ಅಕ್ಷ, ಆಮೇಲೆ ಸೂತ್ರ: ತಿರುಗುವ ವಸ್ತುಗಳ ಲೆಕ್ಕ ಬಿಡಿಸುವ ಬಗೆ

ಒಂದು ಉತ್ತರವನ್ನು ನಿಮ್ಮ ಮುಂದಿಟ್ಟು ಮಾತು ತೊಡಗುತ್ತೇನೆ. ಬಾವಿಯ ರಾಟೆಗೆ ಹಗ್ಗ ಸುತ್ತಿದೆ. ಹಗ್ಗದ ತುದಿಯಲ್ಲಿ ನೀರು ತುಂಬಿದ ಕೊಡಪಾನವಿದೆ. ನೀರೂ ಪಾತ್ರೆಯೂ ಸೇರಿ ಅದರ ದ್ರವ್ಯರಾಶಿ 10 ಕಿಲೋಗ್ರಾಂ. ಕೈ ಬಿಟ್ಟೊಡನೆ ಕೊಡಪಾನ ರಾಟೆಯನ್ನು ತಿರುಗಿಸುತ್ತ ಕೆಳಗಿಳಿಯುತ್ತದೆ. ಆಗ ಹಗ್ಗದಲ್ಲಿರುವ ಎಳೆತ ಎಷ್ಟು? ಪ್ಲಸ್ ವನ್, ಅಂದರೆ ಹನ್ನೊಂದನೆಯ ತರಗತಿಯಲ್ಲಿ ಈ ಲೆಕ್ಕವನ್ನು ಕೊಟ್ಟಾಗಲೆಲ್ಲ ಮಕ್ಕಳ ಹೆಚ್ಚಿನ ನೋಟುಪುಸ್ತಕಗಳಲ್ಲಿ ನಾನು ಕಂಡ ಉತ್ತರ 98 ನ್ಯೂಟನ್. ರಾಟೆ 2 ಕಿಲೋಗ್ರಾಂ ತೂಗುವ ಗಟ್ಟಿ ಬಿಲ್ಲೆಯಾಗಿದ್ದರೆ ಸರಿಯಾದ ಉತ್ತರ 8.9 ನ್ಯೂಟನ್. ವ್ಯತ್ಯಾಸ ಅಲ್ಪಸ್ವಲ್ಪದ್ದಲ್ಲ, ಹನ್ನೊಂದು ಪಟ್ಟಿನದು. ತಪ್ಪಾಗಿ ಬರೆದವರು ಗಣಿತದಲ್ಲಿ ಹಿಂದುಳಿದವರೂ ಅಲ್ಲ. ತಿರುಗುವಿಕೆಯ ಈ ಅಧ್ಯಾಯಕ್ಕೆ ಹಿಂದೆ ಬರುವ ನ್ಯೂಟನ್ನನ ನಿಯಮಗಳ ಲೆಕ್ಕಗಳನ್ನು ಚೊಕ್ಕವಾಗಿ ಬಿಡಿಸಿದವರೇ ಇಲ್ಲಿ ಎಡವುತ್ತಾರೆ. ಹೀಗೇಕಾಗುತ್ತದೆ ಎಂಬುದೇ ಇಂದಿನ ವಿಷಯ.

ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದರಲ್ಲಿ ಇನ್ನೊಂದು ತೊಡಕೂ ಇದೆ. ಹತ್ತನೆಯ ತರಗತಿಯವರೆಗೆ ದ್ರವ್ಯರಾಶಿ, ವೇಗೋತ್ಕರ್ಷ, ಸಂವೇಗ ಎಂದು ಓದಿಕೊಂಡು ಬಂದವರು ಪ್ಲಸ್ ವನ್ನಿನಲ್ಲಿ ಇಂಗ್ಲಿಷ್ ಪುಸ್ತಕ ಹಿಡಿಯುತ್ತಾರೆ, ತರಗತಿಯಲ್ಲಿ ವಿವರಣೆಯನ್ನು ಎಷ್ಟೋ ಬಾರಿ ಮಲಯಾಳದಲ್ಲಿ ಕೇಳುತ್ತಾರೆ, ಮನೆಗೆ ಬಂದು ಕನ್ನಡದಲ್ಲೋ ತುಳುವಿನಲ್ಲೋ ಯೋಚಿಸುತ್ತಾರೆ. ಈ ಅಧ್ಯಾಯದಲ್ಲಂತೂ ಟಾರ್ಕ್, ಮೊಮೆಂಟ್ ಆಫ್ ಇನರ್ಷಿಯಾ, ಆಂಗ್ಯುಲರ್ ಮೊಮೆಂಟಮ್ ಎಂದು ಹೊಸ ಪದಗಳು ಒಂದರ ಬೆನ್ನಿಗೊಂದು ಬರುತ್ತವೆ. ಪದಗಳ ಭಾರದಡಿಯಲ್ಲಿ, ಒಳಗಿರುವ ವಿಚಾರ ಹಳೆಯದೇ ಎಂಬುದು ಮರೆಯಾಗಿಬಿಡುತ್ತದೆ. ಪರೀಕ್ಷೆಯಲ್ಲಿ ನೀವು ಬರೆಯಬೇಕಾದ ಪದಗಳಾದ್ದರಿಂದ ಟಾರ್ಕ್, ಇನರ್ಷಿಯಾ ಎಂಬ ಎರಡನ್ನು ನಾನೂ ಹಾಗೆಯೇ ಹೇಳುತ್ತೇನೆ. ಉಳಿದುದನ್ನು ಕನ್ನಡದಲ್ಲಿ ಹೇಳುತ್ತೇನೆ.

ಹಾಗೆ ನೋಡಿದರೆ ಕನ್ನಡ ನಮಗೆ ಈ ಪಾಠದಲ್ಲಿ ಸಹಾಯವನ್ನೇ ಮಾಡುತ್ತದೆ. ಫ್ಯಾನು ತಿರುಗುತ್ತದೆ, ಬಸ್ಸು ಬಲಕ್ಕೆ ತಿರುಗುತ್ತದೆ, ಕೆಲಸವಿಲ್ಲದವನು ಊರು ತಿರುಗುತ್ತಾನೆ; ಈ ಮೂರಕ್ಕೂ ಒಂದೇ ಕ್ರಿಯಾಪದ ಸಾಕು. ಆದರೆ ಚಕ್ರವು ನೆಲದ ಮೇಲೆ ಹೋಗುವಾಗ ಅದು ತಿರುಗುತ್ತದೆ ಎನ್ನದೆ ಉರುಳುತ್ತದೆ ಎನ್ನುತ್ತೇವೆ. ತಾನೂ ತಿರುಗುತ್ತ ಮುಂದಕ್ಕೂ ಸಾಗುವ ಚಲನೆಗೆ ನಮ್ಮಲ್ಲಿ ಬೇರೆಯೇ ಪದವಿದೆ. ದೇವಸ್ಥಾನದ ಅಂಗಳದಲ್ಲಿ ಉರುಳುಸೇವೆ ಮಾಡುವವರನ್ನು ನೀವೆಲ್ಲ ಕಂಡಿದ್ದೀರಿ. ಮೈ ಒಂದು ಸುತ್ತು ಹೊರಳುವಷ್ಟರಲ್ಲಿ ಅವರು ಮುಂದೆ ಸಾಗುವ ದೂರ ಅವರ ಮೈಯ ಸುತ್ತಳತೆಯಷ್ಟೇ. ಜಾರಿದರೆ ಈ ಲೆಕ್ಕ ಕೆಡುತ್ತದೆ. ಜಾರದೆ ಉರುಳುವುದು ಎಂದು ಪುಸ್ತಕದಲ್ಲಿರುವ ಷರತ್ತು ಇದೇ: ಮುಂದಕ್ಕೆ ಸಾಗುವ ವೇಗ ಎಂದರೆ ತ್ರಿಜ್ಯ ಮತ್ತು ಕೋನೀಯ ವೇಗಗಳ ಗುಣಲಬ್ಧ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನೇರವಾಗಿ ಸಾಗುವ ವಸ್ತುವಿನ ಲೆಕ್ಕದಲ್ಲಿ ನೀವು ಬಲಗಳನ್ನು ಗುರುತಿಸಿ, ಕೂಡಿ, ದ್ರವ್ಯರಾಶಿಯಿಂದ ಭಾಗಿಸುತ್ತಿದ್ದಿರಿ. ಬಲ ಎಲ್ಲಿ ತಾಗುತ್ತದೆ ಎಂಬುದನ್ನು ಕೇಳುವ ಅಗತ್ಯ ಅಲ್ಲಿರಲಿಲ್ಲ. ಪೆಟ್ಟಿಗೆಯೊಂದರ ಚಿತ್ರದ ನಡುವೆ ಒಂದು ಚುಕ್ಕೆ ಇಟ್ಟು ಎಲ್ಲ ಬಾಣಗಳನ್ನೂ ಅಲ್ಲಿಂದಲೇ ಎಳೆದರೆ ಸಾಕಾಗುತ್ತಿತ್ತು. ತಿರುಗುವ ವಸ್ತುವಿನಲ್ಲಿ ಆ ಅಭ್ಯಾಸವೇ ನಿಮ್ಮನ್ನು ಕೆಡಿಸುತ್ತದೆ. ಇಲ್ಲಿ ಪ್ರತಿಯೊಂದು ಬಾಣವೂ ಅದು ತಾಗುವ ಜಾಗದಿಂದಲೇ ಹೊರಡಬೇಕು. ಅದಕ್ಕೂ ಮೊದಲು, ಯಾವ ಅಕ್ಷದ ಸುತ್ತ ತಿರುಗುವಿಕೆಯನ್ನು ಲೆಕ್ಕ ಹಾಕುತ್ತಿದ್ದೇನೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು. ಅಕ್ಷವನ್ನು ಹೇಳದೆ ಟಾರ್ಕ್ ಎಂಬ ಮಾತಿಗೆ ಅರ್ಥವಿಲ್ಲ, ಇನರ್ಷಿಯಾ ಎಂಬ ಮಾತಿಗೂ ಅರ್ಥವಿಲ್ಲ. ನಾನು ನೋಡಿದ ತಪ್ಪು ಉತ್ತರಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ, ಸಮೀಕರಣದ ಮೊದಲ ಸಾಲಿಗೂ ಮೊದಲು.

ಟಾರ್ಕ್ ಎಂದರೆ ಬಲವು ವಸ್ತುವನ್ನು ತಿರುಗಿಸುವ ಸಾಮರ್ಥ್ಯ; ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಂಚರ್ ಅಂಗಡಿಯಲ್ಲಿ ಬಿಗಿದುಕೊಂಡ ನಟ್ಟು ಬಿಚ್ಚದಿದ್ದರೆ ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪು ತೂರಿಸುತ್ತಾರೆ. ನಟ್ಟಿನ ನಡುವಿನಿಂದ 30 ಸೆಂಟಿಮೀಟರು ದೂರದಲ್ಲಿ 200 ನ್ಯೂಟನ್ ಬಲ ಹಾಕಿದರೆ ಟಾರ್ಕ್ 60 ನ್ಯೂಟನ್ ಮೀಟರು. ಪೈಪಿನಿಂದ ಆ ದೂರ 90 ಸೆಂಟಿಮೀಟರಾದರೆ ಅದೇ ಕೈ, ಅದೇ ಬಲ, ಟಾರ್ಕ್ ಮಾತ್ರ 180. ಹಿಡಿಗೆ ಲಂಬವಾಗಿ ಒತ್ತಬೇಕು, ಓರೆಯಾಗಿ ಒತ್ತಿದಷ್ಟೂ ನಷ್ಟ. ಹಿಡಿಯ ಉದ್ದಕ್ಕೇ ಎಳೆದರೆ ಟಾರ್ಕ್ ಸೊನ್ನೆ, ಏಕೆಂದರೆ ಬಲದ ರೇಖೆ ಅಕ್ಷದ ಮೂಲಕವೇ ಹಾದುಹೋಗುತ್ತದೆ. ಈ ಕೊನೆಯ ವಾಕ್ಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಅಕ್ಷದ ಮೂಲಕ ಹಾದುಹೋಗುವ ಬಲಕ್ಕೆ ಟಾರ್ಕ್ ಇಲ್ಲ. ಮುಂದಿನ ಎಲ್ಲ ಲೆಕ್ಕಗಳೂ ಇದರಿಂದಲೇ ಹಗುರವಾಗುತ್ತವೆ.

ಇನರ್ಷಿಯಾ ಎಂದರೆ ತಿರುಗುವುದಕ್ಕೆ ವಸ್ತು ತೋರುವ ಜಡತೆ. ಇದನ್ನು ಬಾಯಿಪಾಠ ಮಾಡಿದವರು ‘ಸರಳಿನ ಇನರ್ಷಿಯಾ ದ್ರವ್ಯರಾಶಿ ಗುಣಿಸು ಉದ್ದದ ವರ್ಗ ಭಾಗಿಸು 12’ ಎಂದು ಥಟ್ಟನೆ ಹೇಳುತ್ತಾರೆ. ಯಾವ ಅಕ್ಷಕ್ಕೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅಡಿಕೆ ಕೊಯ್ಯುವ ದೋಟಿಯ ಒಂದು ತುಂಡನ್ನು ತೆಗೆದುಕೊಳ್ಳಿ. ಉದ್ದ 4 ಮೀಟರು, ದ್ರವ್ಯರಾಶಿ 2 ಕಿಲೋಗ್ರಾಂ ಇರಲಿ. ಅಡಿಕೆ ಒಣಗಿಸುವ ಅಂಗಳದ ನುಣುಪು ಸಿಮೆಂಟಿನ ಮೇಲೆ ಅದನ್ನು ಮಲಗಿಸಿ, ನಡುವನ್ನು ಹಿಡಿದು ಗಡಿಯಾರದ ಮುಳ್ಳಿನಂತೆ ತಿರುಗಿಸಿ ನೋಡಿ. ಬಳಿಕ ಒಂದು ತುದಿಯನ್ನು ಹಿಡಿದು ಅಷ್ಟೇ ಬೇಗ ತಿರುಗಿಸಲು ಯತ್ನಿಸಿ. ಎರಡನೆಯ ಬಾರಿ ಮಣಿಕಟ್ಟಿಗೆ ಬೀಳುವ ಶ್ರಮ ಕೂಡಲೇ ತಿಳಿಯುತ್ತದೆ. ಲೆಕ್ಕದಲ್ಲಿ ನಡುವಿನ ಅಕ್ಷಕ್ಕೆ ಇನರ್ಷಿಯಾ 2.67, ತುದಿಯ ಅಕ್ಷಕ್ಕೆ 10.67 ಕಿಲೋಗ್ರಾಂ ಮೀಟರ್ ವರ್ಗ. ಸರಿಯಾಗಿ ನಾಲ್ಕು ಪಟ್ಟು. ದೋಟಿ ಬದಲಾಗಲಿಲ್ಲ, ಅದರ ತೂಕ ಬದಲಾಗಲಿಲ್ಲ, ಅಕ್ಷ ಮಾತ್ರ 2 ಮೀಟರು ಸರಿಯಿತು. ಸಮಾಂತರ ಅಕ್ಷಗಳ ಪ್ರಮೇಯ ಹೇಳುವುದೂ ಇದನ್ನೇ: ದ್ರವ್ಯರಾಶಿ ಕೇಂದ್ರದ ಮೂಲಕ ಹೋಗುವ ಅಕ್ಷದಲ್ಲಿರುವ 2.67ಕ್ಕೆ, ದ್ರವ್ಯರಾಶಿ 2ನ್ನು ದೂರ 2ರ ವರ್ಗದಿಂದ ಗುಣಿಸಿದ 8ನ್ನು ಸೇರಿಸಿದರೆ 10.67. ಪ್ರಮೇಯವನ್ನು ಬಳಸುವಾಗ ಒಂದು ಎಚ್ಚರಿಕೆ ಬೇಕು. ಕೂಡುವುದನ್ನು ಯಾವಾಗಲೂ ದ್ರವ್ಯರಾಶಿ ಕೇಂದ್ರದ ಅಕ್ಷದಿಂದಲೇ ಆರಂಭಿಸಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಜಿಗಿಯಲು ಅದು ಅನುಮತಿ ಕೊಡುವುದಿಲ್ಲ.

ಇನ್ನು ಬಾವಿಯ ಬಳಿಗೆ ಮರಳೋಣ. ರಾಟೆಯನ್ನು 2 ಕಿಲೋಗ್ರಾಂ ದ್ರವ್ಯರಾಶಿಯ, 10 ಸೆಂಟಿಮೀಟರು ತ್ರಿಜ್ಯದ ಗಟ್ಟಿ ಬಿಲ್ಲೆ ಎಂದುಕೊಳ್ಳುತ್ತೇವೆ. ಅಕ್ಷ ಯಾವುದು? ರಾಟೆಯ ಅಚ್ಚು. ರಾಟೆಯ ಮೇಲೆ ಬೀಳುವ ಬಲಗಳು ಮೂರು: ಅದರದೇ ತೂಕ, ಅಚ್ಚು ಮೇಲಕ್ಕೆ ಕೊಡುವ ಆಧಾರ, ಅಂಚಿನಲ್ಲಿ ಹಗ್ಗ ಕೆಳಕ್ಕೆ ಎಳೆಯುವ ಎಳೆತ. ಮೊದಲಿನ ಎರಡೂ ಅಕ್ಷದ ಮೂಲಕ ಹೋಗುವುದರಿಂದ ಅವುಗಳ ಟಾರ್ಕ್ ಸೊನ್ನೆ. ಅಚ್ಚಿನ ಆಧಾರ ಎಷ್ಟೆಂದು ನಮಗೆ ಗೊತ್ತೇ ಇಲ್ಲ, ಗೊತ್ತಾಗುವ ಅಗತ್ಯವೂ ಬೀಳಲಿಲ್ಲ ಎಂಬುದನ್ನು ಗಮನಿಸಿ. ಉಳಿದದ್ದು ಎಳೆತ ಒಂದೇ. ಎಳೆತ ಗುಣಿಸು ತ್ರಿಜ್ಯ ಎಂದರೆ ಟಾರ್ಕ್. ಅದು ಇನರ್ಷಿಯಾ ಮತ್ತು ಕೋನೀಯ ವೇಗೋತ್ಕರ್ಷಗಳ ಗುಣಲಬ್ಧಕ್ಕೆ ಸಮ. ಗಟ್ಟಿ ಬಿಲ್ಲೆಯ ಇನರ್ಷಿಯಾ ದ್ರವ್ಯರಾಶಿಯ ಅರ್ಧವನ್ನು ತ್ರಿಜ್ಯದ ವರ್ಗದಿಂದ ಗುಣಿಸಿದಷ್ಟು. ಹಗ್ಗ ಜಾರದಿರುವುದರಿಂದ ಕೋನೀಯ ವೇಗೋತ್ಕರ್ಷವೆಂದರೆ ಕೊಡಪಾನದ ವೇಗೋತ್ಕರ್ಷ ಭಾಗಿಸು ತ್ರಿಜ್ಯ. ಇವನ್ನು ಸೇರಿಸಿದಾಗ ತ್ರಿಜ್ಯ ಪೂರ್ತಿ ಹೊಡೆದುಹೋಗಿ, ಎಳೆತ = ರಾಟೆಯ ಅರ್ಧ ದ್ರವ್ಯರಾಶಿ × ವೇಗೋತ್ಕರ್ಷ ಎಂಬ ಸರಳ ಸಂಬಂಧ ಉಳಿಯುತ್ತದೆ.

ಎರಡನೆಯ ವಸ್ತು ಕೊಡಪಾನ. ಅದು ತಿರುಗುವುದಿಲ್ಲ, ನೇರವಾಗಿ ಇಳಿಯುತ್ತದೆ; ಅದಕ್ಕೆ ಹಳೆಯ ನಿಯಮ ಸಾಕು. ತೂಕ 98 ನ್ಯೂಟನ್, ಅದರಿಂದ ಎಳೆತವನ್ನು ಕಳೆದರೆ 10 ಗುಣಿಸು ವೇಗೋತ್ಕರ್ಷ. ಎರಡೂ ಸಮೀಕರಣಗಳನ್ನು ಕೂಡಿದಾಗ 98 = 11 × ವೇಗೋತ್ಕರ್ಷ. ವೇಗೋತ್ಕರ್ಷ 8.9, ಎಳೆತವೂ 8.9. ಅಂಕಿ ಎರಡೂ ಒಂದೇ ಆಗಿರುವುದು ರಾಟೆಯ ಅರ್ಧ ದ್ರವ್ಯರಾಶಿ ಇಲ್ಲಿ ಸರಿಯಾಗಿ 1 ಕಿಲೋಗ್ರಾಂ ಆದುದರಿಂದ ಮಾತ್ರ. 98 ಎಂದು ಬರೆದವರು ಕೊಡಪಾನದ ಸಮೀಕರಣವನ್ನು ಬರೆಯಲೇ ಇಲ್ಲ. ಎಳೆತವನ್ನು ತೂಕಕ್ಕೆ ಸಮ ಎಂದುಕೊಂಡರು. ಹಾಗಿದ್ದರೆ ಕೊಡಪಾನದ ಮೇಲಿನ ಒಟ್ಟು ಬಲ ಸೊನ್ನೆ, ಕೈ ಬಿಟ್ಟರೂ ಅದು ಇದ್ದಲ್ಲೇ ನಿಂತಿರಬೇಕಾಗುತ್ತದೆ.

ಉತ್ತರ ಬಂದ ಮೇಲೆ ಅದನ್ನು ಪರೀಕ್ಷಿಸುವ ರೂಢಿಯನ್ನೂ ಮಾಡಿಕೊಳ್ಳಬೇಕು. ರಾಟೆ ತೀರಾ ಹಗುರವಾಗಿದ್ದರೆ ಏನಾಗುತ್ತದೆ? ಎಳೆತ ಸೊನ್ನೆಯ ಕಡೆಗೆ ಇಳಿದು ಕೊಡಪಾನ ಸುಮ್ಮನೆ ಬೀಳುವ ಕಲ್ಲಿನಂತೆ ಬೀಳಬೇಕು. ರಾಟೆ ಗಿರಣಿಯ ಕಲ್ಲಿನಷ್ಟು ಭಾರವಾಗಿದ್ದರೆ? ವೇಗೋತ್ಕರ್ಷ ಸೊನ್ನೆಯ ಹತ್ತಿರ ಬಂದು ಎಳೆತ 98ನ್ನು ಮುಟ್ಟಲು ಹೋಗಬೇಕು. ನಮ್ಮ ಸಮೀಕರಣ ಎರಡನ್ನೂ ಹೇಳುತ್ತದೆ. ಶಕ್ತಿಯಿಂದಲೂ ತಾಳೆ ನೋಡಬಹುದು. 10 ಮೀಟರು ಇಳಿದಾಗ ಕಳೆದುಹೋದ ಸ್ಥಿತಿಶಕ್ತಿ 980 ಜೌಲ್. ಅಷ್ಟರಲ್ಲಿ ಕೊಡಪಾನದ ಚಲನಶಕ್ತಿ 891, ರಾಟೆಯ ತಿರುಗುವ ಚಲನಶಕ್ತಿ 89. ಕೂಡಿದರೆ ಲೆಕ್ಕ ಸರಿಹೋಗುತ್ತದೆ.

ನಮ್ಮ ಮನೆಯ ಬಾವಿಗಳಲ್ಲಿ ಹಗ್ಗವನ್ನು ರಾಟೆಗೆ ಹೀಗೆ ಸುತ್ತಿರುವುದಿಲ್ಲ, ರಾಟೆಯ ಮೇಲಿಂದ ಹಾಯಿಸಿ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದಿರುತ್ತೇವೆ ಎಂದು ಕೆಲವರ ಮನಸ್ಸಿಗೆ ಬಂದಿರಬಹುದು. ಆ ಆಕ್ಷೇಪ ನ್ಯಾಯವಾದುದೇ. ಅಲ್ಲಿ ಎರಡು ಬದಿಗೂ ಎಳೆತವಿದೆ. ಹಿಂದಿನ ಅಧ್ಯಾಯದಲ್ಲಿ ರಾಟೆಗೆ ದ್ರವ್ಯರಾಶಿಯೇ ಇಲ್ಲ ಎಂದುಕೊಂಡದ್ದರಿಂದ ಎರಡೂ ಬದಿಯ ಎಳೆತ ಒಂದೇ ಎಂದು ಬರೆದಿರಿ. ರಾಟೆಗೆ ದ್ರವ್ಯರಾಶಿ ಕೊಟ್ಟ ಕ್ಷಣದಿಂದ ಆ ಸಮತೆ ಹೋಯಿತು. ಎರಡು ಎಳೆತಗಳ ನಡುವಿನ ವ್ಯತ್ಯಾಸವೇ ರಾಟೆಯ ವೇಗವನ್ನು ಹೆಚ್ಚಿಸುವುದು. ವ್ಯತ್ಯಾಸವಿಲ್ಲದಿದ್ದರೆ ಅದು ಇದ್ದ ವೇಗದಲ್ಲೇ ತಿರುಗುತ್ತಿರುತ್ತದೆ. ಲೆಕ್ಕದಲ್ಲಿ ರಾಟೆಯ ದ್ರವ್ಯರಾಶಿಯನ್ನು ಕೊಟ್ಟಿದ್ದರೆ, ಎರಡು ಬದಿಗೆ ಎರಡು ಬೇರೆ ಅಕ್ಷರಗಳನ್ನು ಬರೆಯಿರಿ.

ಈಗ ಉರುಳುವ ವಸ್ತುಗಳು. ಮುರಕಲ್ಲಿನ ಗುಡ್ಡೆಯ ಇಳಿಜಾರಿನಲ್ಲಿ ಸೈಕಲ್ಲಿನ ಹಳೆಯ ರಿಮ್ಮನ್ನು ಬಿಟ್ಟು ಅದರ ಹಿಂದೆ ಓಡುವ ಆಟ ನನ್ನ ಬಾಲ್ಯದಲ್ಲಿ ದಿನನಿತ್ಯದ್ದು. ರಿಮ್ಮಿನ ಜೊತೆಗೆ ಶಾಲೆಯ ಗುಂಡೆಸೆತದ ಕಬ್ಬಿಣದ ಗುಂಡನ್ನೂ ಬಿಟ್ಟರೆ ಯಾವುದು ಮೊದಲು ಕೆಳಗೆ ಮುಟ್ಟುತ್ತದೆ? ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ಗುಂಡಿಗೆ ಕೈ ಎತ್ತಿದ್ದೀರಿ, ಕಾರಣ ಕೇಳಿದರೆ ಅದು ಭಾರ ಎನ್ನುತ್ತೀರಿ. ಉತ್ತರ ಸರಿ, ಕಾರಣ ಸರಿಯಲ್ಲ. ಗುಂಡು ಗೆಲ್ಲುವುದು ನಿಜ, ಆದರೆ ಅದು ಗೋಲಿಯಷ್ಟು ಹಗುರವಾಗಿದ್ದರೂ ಗೆಲ್ಲುತ್ತಿತ್ತು.

ಇದನ್ನು ಬಿಡಿಸಲು ಎರಡು ದಾರಿಗಳಿವೆ. ದ್ರವ್ಯರಾಶಿ ಕೇಂದ್ರವನ್ನು ಅಕ್ಷವಾಗಿ ಹಿಡಿದರೆ ಟಾರ್ಕ್ ಕೊಡುವುದು ಘರ್ಷಣೆ ಮಾತ್ರ, ಆದರೆ ಘರ್ಷಣೆ ಎಷ್ಟೆಂದು ಗೊತ್ತಿಲ್ಲ. ಇಲ್ಲಿ ಮಕ್ಕಳು ಕೂಡಲೇ ಘರ್ಷಣಾ ಗುಣಾಂಕವನ್ನು ಲಂಬ ಬಲದಿಂದ ಗುಣಿಸಿ ಬರೆದುಬಿಡುತ್ತಾರೆ. ಅದು ಜಾರುವ ವಸ್ತುವಿನ ಘರ್ಷಣೆ, ಅಥವಾ ಸ್ಥಿರ ಘರ್ಷಣೆಯ ಮೇಲಿನ ಮಿತಿ. ಜಾರದೆ ಉರುಳುವಾಗ ಘರ್ಷಣೆ ತನಗೆ ಬೇಕಾದಷ್ಟೇ ಇರುತ್ತದೆ. ಎಷ್ಟು ಬೇಕು ಎಂಬುದನ್ನು ಸಮೀಕರಣದಿಂದಲೇ ಕಂಡುಹಿಡಿಯಬೇಕು. ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ. ವಸ್ತು ನೆಲವನ್ನು ಮುಟ್ಟುವ ಬಿಂದುವನ್ನೇ ಅಕ್ಷವಾಗಿ ಹಿಡಿಯಿರಿ. ಘರ್ಷಣೆಯೂ ಲಂಬ ಬಲವೂ ಆ ಬಿಂದುವಿನಲ್ಲೇ ತಾಗುವುದರಿಂದ ಅವುಗಳ ಟಾರ್ಕ್ ಸೊನ್ನೆ. ನಮಗೆ ಗೊತ್ತಿಲ್ಲದ ಎರಡೂ ಬಲಗಳು ಒಂದೇ ಏಟಿಗೆ ಲೆಕ್ಕದಿಂದ ಹೊರಗೆ ಹೋದವು. ಉಳಿದದ್ದು ತೂಕದ ಟಾರ್ಕ್ ಮಾತ್ರ. ಇನರ್ಷಿಯಾವನ್ನು ಸಮಾಂತರ ಅಕ್ಷದ ಪ್ರಮೇಯದಿಂದ ಆ ಬಿಂದುವಿಗೆ ಸರಿಸಿಕೊಂಡರೆ ರಿಮ್ಮಿಗೆ ದ್ರವ್ಯರಾಶಿ ಗುಣಿಸು ತ್ರಿಜ್ಯದ ವರ್ಗದ 2 ಪಟ್ಟು, ಗಟ್ಟಿ ಗುಂಡಿಗೆ 7/5 ಪಟ್ಟು. 30 ಡಿಗ್ರಿ ಇಳಿಜಾರಿನಲ್ಲಿ ಘರ್ಷಣೆಯಿಲ್ಲದೆ ಜಾರುವ ವಸ್ತುವಿಗೆ ವೇಗೋತ್ಕರ್ಷ 4.9 ಆದರೆ, ರಿಮ್ಮಿಗೆ ಅದರ ಅರ್ಧ, 2.45, ಗುಂಡಿಗೆ ಅದರ ಏಳರಲ್ಲಿ ಐದು ಪಾಲು, 3.5. ದ್ರವ್ಯರಾಶಿಯೂ ತ್ರಿಜ್ಯವೂ ಉತ್ತರದಲ್ಲಿ ಇಲ್ಲ. ದ್ರವ್ಯರಾಶಿ ಅಂಚಿನಲ್ಲಿ ಹಂಚಿದೆಯೋ ನಡುವಿನಲ್ಲಿ ಸೇರಿದೆಯೋ ಎಂಬುದಷ್ಟೇ ಇಲ್ಲಿ ನಿರ್ಣಾಯಕ.

ಮುಟ್ಟುವ ಬಿಂದುವನ್ನು ಅಕ್ಷವಾಗಿ ಹಿಡಿಯಲು ಯಾವಾಗಲೂ ಆಗುತ್ತದೆಯೇ ಎಂದು ನೀವು ಕೇಳಬೇಕು. ಆಗುವುದಿಲ್ಲ. ಎರಡು ಅಕ್ಷಗಳು ಎಂದೂ ಮೋಸ ಮಾಡುವುದಿಲ್ಲ: ನೆಲಕ್ಕೋ ಗೋಡೆಗೋ ಕಟ್ಟಿಟ್ಟಂತೆ ಕದಲದೆ ಇರುವ ಅಕ್ಷ ಒಂದು, ವಸ್ತುವಿನ ದ್ರವ್ಯರಾಶಿ ಕೇಂದ್ರ ಇನ್ನೊಂದು. ಕೇಂದ್ರವು ಎಷ್ಟೇ ವೇಗೋತ್ಕರ್ಷದಿಂದ ಸಾಗುತ್ತಿದ್ದರೂ ಅದರ ಸುತ್ತ ಬರೆದ ಸಮೀಕರಣ ಕೆಡುವುದಿಲ್ಲ. ಮುಟ್ಟುವ ಬಿಂದು ಕೆಲಸಕ್ಕೆ ಬರುವುದು ದ್ರವ್ಯರಾಶಿ ಕೇಂದ್ರ ಸರಿಯಾಗಿ ನಡುವಿನಲ್ಲೇ ಇರುವ ದುಂಡಗಿನ ವಸ್ತು ಜಾರದೆ ಉರುಳುವಾಗ. ಒಂದು ಬದಿಗೆ ಸೀಸ ಅಂಟಿಸಿದ ಚಕ್ರಕ್ಕೆ ಅದನ್ನು ಹಾಗೆಯೇ ಬಳಸಬಾರದು.

ಇಲ್ಲಿ ಗೆಲಿಲಿಯೋನನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನೇರವಾಗಿ ಬೀಳುವ ವಸ್ತುವಿನ ಚಲನೆಯನ್ನು ಅಳೆಯುವಷ್ಟು ನಿಖರವಾದ ಗಡಿಯಾರಗಳು ಅವನ ಕಾಲದಲ್ಲಿರಲಿಲ್ಲ. ಆದ್ದರಿಂದ ಓರೆಯಾಗಿಟ್ಟ ಹಲಗೆಯ ಕಾಲುವೆಯಲ್ಲಿ ಕಂಚಿನ ಗುಂಡನ್ನು ಉರುಳಿಸಿ, ಹರಿದು ಬಿದ್ದ ನೀರನ್ನು ತೂಗಿ ಕಾಲವನ್ನು ಅಳೆದ. ದೂರವು ಕಾಲದ ವರ್ಗಕ್ಕೆ ಅನುಗುಣವಾಗಿದೆ ಎಂಬುದು ಅವನಿಗೆ ಸಿಕ್ಕಿತು, ಅದು ಸರಿಯೇ. ಆದರೆ ಉರುಳುವ ಗುಂಡಿನ ವೇಗೋತ್ಕರ್ಷ ಜಾರುವ ವಸ್ತುವಿನದಕ್ಕಿಂತ ಕಡಿಮೆ ಎಂಬ ಲೆಕ್ಕ ಆಗ ಇನ್ನೂ ಹುಟ್ಟಿರಲಿಲ್ಲ. ಇಂದು ಪ್ಲಸ್ ವನ್ನಿನ ಹುಡುಗಿಯೊಬ್ಬಳು ಅರ್ಧ ಪುಟದಲ್ಲಿ ಬರೆಯುವ ಆ ಕಾರಣ ಗೆಲಿಲಿಯೋನಂಥವನ ಕೈಗೂ ಸಿಕ್ಕಿರಲಿಲ್ಲ ಎಂದು ನೆನೆದಾಗಲೆಲ್ಲ ಈ ಅಧ್ಯಾಯದ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಮುಂದಿನ ಉದಾಹರಣೆ ಕಂಗಿನ ತೋಟದ್ದು. ಗಾಳಿಮಳೆಗೆ ಬುಡ ಕೊಳೆತ ಕಂಗು ಬೀಳುವುದನ್ನು ನೀವು ಕಂಡಿರುತ್ತೀರಿ. ಮೊದಲು ತೀರಾ ನಿಧಾನವಾಗಿ ವಾಲುತ್ತದೆ. ನೋಡುತ್ತ ನಿಂತವನಿಗೆ ಸರಿದುಕೊಳ್ಳಲು ಬೇಕಾದಷ್ಟು ಸಮಯವಿದೆ ಎನ್ನಿಸುತ್ತದೆ. ಕೊನೆಯ ಕ್ಷಣಗಳಲ್ಲಿ ತಲೆ ರಭಸದಿಂದ ಬಂದು ನೆಲಕ್ಕೆ ಅಪ್ಪಳಿಸುತ್ತದೆ. ಮರ 15 ಮೀಟರು ಎತ್ತರದ್ದು ಎನ್ನೋಣ. ಬುಡ ಜಾರದೆ ಅಲ್ಲೇ ಉಳಿದು, ಇಡೀ ಮರ ಒಂದೇ ದಪ್ಪದ ನೆಟ್ಟಗಿನ ಸರಳಿನಂತೆ ಬೀಳುತ್ತದೆ ಎಂದು ಭಾವಿಸಿದರೆ ತುದಿಯು ನೆಲಕ್ಕೆ ಬಡಿಯುವ ವೇಗ ಎಷ್ಟು?

ಇಲ್ಲಿ ಬರುವ ದೊಡ್ಡ ತಪ್ಪು, ಕೋನೀಯ ವೇಗೋತ್ಕರ್ಷ ಬದಲಾಗುವುದಿಲ್ಲ ಎಂದುಕೊಂಡು ನೇರ ಚಲನೆಯ ಮೂರು ಸಮೀಕರಣಗಳ ತಿರುಗುವ ರೂಪವನ್ನು ಬಳಸುವುದು. ಮರ ನೆಟ್ಟಗಿರುವಾಗ ತೂಕದ ರೇಖೆ ಬುಡದ ಮೂಲಕವೇ ಹೋಗುತ್ತದೆ, ಟಾರ್ಕ್ ಇಲ್ಲ. ವಾಲಿದಷ್ಟೂ ಟಾರ್ಕ್ ಹೆಚ್ಚುತ್ತದೆ, ಅಡ್ಡವಾಗುವಾಗ ಅತಿ ಹೆಚ್ಚು. ಆ ನಿಧಾನಕ್ಕೂ ಕೊನೆಯ ರಭಸಕ್ಕೂ ಇದೇ ಕಾರಣ. ಟಾರ್ಕ್ ಬದಲಾಗುತ್ತಿದ್ದರೆ ಆ ಮೂರು ಸಮೀಕರಣಗಳನ್ನು ಮುಟ್ಟಬಾರದು. ಶಕ್ತಿಯ ದಾರಿ ಹಿಡಿಯಬೇಕು. ಬುಡವನ್ನು ಅಕ್ಷವಾಗಿ ಹಿಡಿದರೆ ಅಲ್ಲಿ ನೆಲ ಕೊಡುವ ಬಲ ಎಷ್ಟೇ ತೊಡಕಿನದಾಗಿದ್ದರೂ ಲೆಕ್ಕದೊಳಗೆ ಬರುವುದಿಲ್ಲ, ಬುಡ ಕದಲದಿರುವುದರಿಂದ ಆ ಬಲ ಕೆಲಸವನ್ನೂ ಮಾಡುವುದಿಲ್ಲ. ದ್ರವ್ಯರಾಶಿ ಕೇಂದ್ರ 7.5 ಮೀಟರು ಇಳಿಯುತ್ತದೆ. ಆ ಸ್ಥಿತಿಶಕ್ತಿಯೆಲ್ಲ ಬುಡದ ಅಕ್ಷದ ಸುತ್ತಲಿನ ಚಲನಶಕ್ತಿಯಾಗುತ್ತದೆ; ಇನರ್ಷಿಯಾದಲ್ಲಿ ಹನ್ನೆರಡರಲ್ಲಿ ಒಂದಲ್ಲ, ಮೂರರಲ್ಲಿ ಒಂದು. ಬಿಡಿಸಿದಾಗ ಕೋನೀಯ ವೇಗದ ವರ್ಗ ಎಂದರೆ 3 × 9.8 ÷ 15, ಅಂದರೆ 1.96. ಕೋನೀಯ ವೇಗ ಸೆಕೆಂಡಿಗೆ 1.4 ರೇಡಿಯನ್, ತುದಿಯ ವೇಗ ಅದರ 15 ಪಟ್ಟು, ಸೆಕೆಂಡಿಗೆ 21 ಮೀಟರು. ಗಂಟೆಗೆ 75 ಕಿಲೋಮೀಟರಿಗೂ ಹೆಚ್ಚು.

ಅದೇ ಮರದ ತಲೆಯಿಂದ ಕಳಚಿ ನೇರವಾಗಿ ಬಿದ್ದ ಅಡಿಕೆ ನೆಲ ಮುಟ್ಟುವ ವೇಗ ಸೆಕೆಂಡಿಗೆ 17.1 ಮೀಟರು ಮಾತ್ರ. ಏನೂ ಹಿಡಿದಿರದ ಅಡಿಕೆಗಿಂತ ಮರಕ್ಕೆ ಅಂಟಿಕೊಂಡ ಹಿಂಗಾರದ ಜಾಗ ಹೆಚ್ಚು ವೇಗವಾಗಿ ಬೀಳುತ್ತದೆ ಎಂದರೆ ಮೊದಲಿಗೆ ಯಾರೂ ನಂಬುವುದಿಲ್ಲ. ಆದರೆ ಮರ ಅಡ್ಡವಾಗುವ ಹೊತ್ತಿಗೆ ತುದಿಯ ಕೆಳಮುಖ ವೇಗೋತ್ಕರ್ಷ ಗುರುತ್ವದ ಒಂದೂವರೆ ಪಟ್ಟು, 14.7 ಇರುತ್ತದೆ. ಗುರುತ್ವ ಎಳೆಯುವುದಕ್ಕಿಂತ ಹೆಚ್ಚಿನದನ್ನು ತುದಿಗೆ ಕೊಡುವವರು ಯಾರು? ಮರದ ಕೆಳಗಿನ ಭಾಗವೇ. ಬುಡದ ಹತ್ತಿರದ ಭಾಗ ತಾನು ಬೀಳಬಹುದಾದುದಕ್ಕಿಂತ ನಿಧಾನವಾಗಿ ಬೀಳುತ್ತದೆ, ಅದರ ಪಾಲು ಕಾಂಡದ ಮೂಲಕ ತುದಿಗೆ ಸಾಗುತ್ತದೆ. ಕಾಂಡ ಅದನ್ನು ಸಾಗಿಸುವಾಗ ಬಾಗುವ ಒತ್ತಡಕ್ಕೆ ಒಳಗಾಗುತ್ತದೆ. ಇಟ್ಟಿಗೆಯ ಎತ್ತರದ ಹೊಗೆಗೂಡುಗಳು ಉರುಳಿಬೀಳುವಾಗ ನೆಲ ಮುಟ್ಟುವ ಮೊದಲೇ ನಡುವೆ ಮುರಿಯುವುದು ಇದರಿಂದಲೇ. ಕಂಗಿನ ನಾರು ಇಟ್ಟಿಗೆಗಿಂತ ಬಾಗುವಿಕೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ತಪ್ಪೂ ಬರುತ್ತದೆ. ಇಡೀ ಮರದ ದ್ರವ್ಯರಾಶಿಯನ್ನು ನಡುವಿನ ಬಿಂದುವಿನಲ್ಲಿ ಕೂಡಿಸಿ, ಅದು 7.5 ಮೀಟರು ಬಿತ್ತು ಎಂದುಕೊಂಡು ನಡುವಿನ ವೇಗ 12.1, ತುದಿಗೆ ಅದರ ಎರಡು ಪಟ್ಟು 24.2 ಎಂದು ಬರೆಯುವವರಿದ್ದಾರೆ. ನಡುವಿನ ಸರಿಯಾದ ವೇಗ 10.5. ಉಳಿದ ಶಕ್ತಿ ಎಲ್ಲಿ ಹೋಯಿತು? ಮರ ತನ್ನ ನಡುವಿನ ಸುತ್ತಲೂ ತಿರುಗುತ್ತಿದೆ. ಒಟ್ಟು ಶಕ್ತಿಯ ನಾಲ್ಕರಲ್ಲಿ ಮೂರು ಪಾಲು ಕೇಂದ್ರ ಸಾಗುವುದಕ್ಕೂ ಒಂದು ಪಾಲು ಕೇಂದ್ರದ ಸುತ್ತ ತಿರುಗುವುದಕ್ಕೂ ಹಂಚಿಹೋಗಿದೆ. ಒಂದೋ ಬುಡದ ಅಕ್ಷವನ್ನು ಹಿಡಿದು ಎಲ್ಲವನ್ನೂ ಒಂದೇ ಪದದಲ್ಲಿ ಬರೆಯಿರಿ, ಇಲ್ಲವೇ ಕೇಂದ್ರವನ್ನು ಹಿಡಿದು ಎರಡು ಪದಗಳನ್ನೂ ಬರೆಯಿರಿ. ಅರ್ಧ ಇದು, ಅರ್ಧ ಅದು ಆಗಬಾರದು.

ಕೋನೀಯ ಸಂವೇಗದ, ಎಂದರೆ ಇನರ್ಷಿಯಾ ಮತ್ತು ಕೋನೀಯ ವೇಗಗಳ ಗುಣಲಬ್ಧದ, ಬಗ್ಗೆ ಹೇಳಲು ಈಗ ಈ ವೇದಿಕೆಯ ತಿರುಗುವ ಕುರ್ಚಿಯಲ್ಲಿ ಕುಳಿತ ಹುಡುಗನನ್ನೇ ನೋಡಿ. ಎರಡೂ ಕೈಗಳಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿಗಳಿವೆ. ಕೈ ಚಾಚಿ ಕುಳಿತಾಗ ಮೆಲ್ಲನೆ ತಿರುಗಿಸಿ ಬಿಟ್ಟೆವು, ಕೈಗಳನ್ನು ಎದೆಗೆ ಸೆಳೆದುಕೊಂಡಾಗ ವೇಗ ಎದ್ದು ಕಾಣುವಂತೆ ಹೆಚ್ಚಿತು. ಬಾಟಲಿಗಳು ಅಕ್ಷದಿಂದ 80 ಸೆಂಟಿಮೀಟರು ದೂರದಲ್ಲಿದ್ದಾಗ ಅವುಗಳ ಇನರ್ಷಿಯಾ 1.28, 20 ಸೆಂಟಿಮೀಟರಿಗೆ ಬಂದಾಗ 0.08. ದೂರ ನಾಲ್ಕರಲ್ಲಿ ಒಂದಾದರೆ ಇನರ್ಷಿಯಾ ಹದಿನಾರರಲ್ಲಿ ಒಂದಾಗುತ್ತದೆ. ಹುಡುಗನ ಮೈ ಮತ್ತು ಕುರ್ಚಿಗೆ 1.5 ಎಂದು ಹಿಡಿದರೆ ಒಟ್ಟು 2.78ರಿಂದ 1.58ಕ್ಕೆ ಇಳಿಯುತ್ತದೆ, ವೇಗ 1.76 ಪಟ್ಟಾಗುತ್ತದೆ.

ಈಗ ಯೋಚಿಸಿ: ಚಲನಶಕ್ತಿ ಏನಾಯಿತು? ಅದೂ 1.76 ಪಟ್ಟಾಯಿತು. ಕೋನೀಯ ಸಂವೇಗ ಉಳಿದುಕೊಂಡಿತು, ಶಕ್ತಿ ಉಳಿದುಕೊಳ್ಳಲಿಲ್ಲ, ಹೆಚ್ಚಿತು. ಹೆಚ್ಚಿದ ಶಕ್ತಿ ಬಂದದ್ದು ಬಾಟಲಿಗಳನ್ನು ಒಳಗೆಳೆದುಕೊಂಡ ಆ ಹುಡುಗನ ತೋಳಿನಿಂದ. ಪರೀಕ್ಷೆಯಲ್ಲಿ ಇಲ್ಲಿ ಶಕ್ತಿಯ ಸಮೀಕರಣ ಬರೆದರೆ ಉತ್ತರ ತಪ್ಪುತ್ತದೆ. ಹೊರಗಿನ ಟಾರ್ಕ್ ಇಲ್ಲ ಎಂಬುದಷ್ಟೇ ನಮಗೆ ಗೊತ್ತು. ಗೊತ್ತಿರುವುದನ್ನು ಮಾತ್ರ ಬರೆಯಬೇಕು.

ಯಕ್ಷಗಾನವನ್ನು ಉಸಿರಾಡಿಕೊಂಡು ಬೆಳೆದ ಊರು ನಮ್ಮದು, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವಿಲ್ಲ. ತೆಂಕುತಿಟ್ಟಿನ ಪುಂಡುವೇಷ ಧೀಂಗಿಣ (ನೆಗೆದು ಸುತ್ತುವ ಕುಣಿತ) ಹೊಡೆಯುವುದನ್ನು ಇನ್ನು ಮುಂದೆ ನೋಡುವಾಗ ಕಾಲಿನತ್ತ ಕಣ್ಣಿಡಿ. ನೆಗೆಯುವ ಮುನ್ನ ಕಾಲು ನೆಲವನ್ನು ಒದೆಯುತ್ತದೆ. ತಿರುಗುವುದಕ್ಕೆ ಬೇಕಾದ ಟಾರ್ಕ್ ಆ ಕ್ಷಣದಲ್ಲಿ ನೆಲದಿಂದಲೇ ಸಿಗಬೇಕು. ಕಾಲು ನೆಲ ಬಿಟ್ಟ ಮೇಲೆ ಕಲಾವಿದ ಗಾಳಿಯಲ್ಲಿ ಏನು ಮಾಡಿದರೂ ಕೋನೀಯ ಸಂವೇಗವನ್ನು ಹೆಚ್ಚಿಸಲಾರ, ಕೈಕಾಲು ಮಡಚಿ ತಿರುಗುವ ವೇಗವನ್ನು ಹೆಚ್ಚಿಸಬಲ್ಲ ಅಷ್ಟೆ. ಆದ್ದರಿಂದ ಧೀಂಗಿಣದ ಲೆಕ್ಕವನ್ನು ಎರಡು ಭಾಗವಾಗಿ ಮಾಡಬೇಕು: ನೆಲದ ಮೇಲಿರುವಾಗ ಟಾರ್ಕ್, ಗಾಳಿಯಲ್ಲಿರುವಾಗ ಸಂವೇಗದ ಉಳಿತಾಯ.

ಕೊನೆಗೆ ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಲೆಕ್ಕವನ್ನು ಕೊಡುತ್ತೇನೆ. ಎರಡು ಬದಿಗೂ ದೊಡ್ಡ ಅಂಚಿರುವ, ನಡುವೆ ಸಣ್ಣ ಉರುಳೆಯಿರುವ ದಾರದ ರೀಲನ್ನು ಮೇಜಿನ ಮೇಲೆ ಇಡಿ. ದಾರವು ಉರುಳೆಯ ಕೆಳಬದಿಯಿಂದ ಹೊರಬರುವಂತಿರಲಿ. ದಾರವನ್ನು ಮೇಜಿಗೆ ಸಮಾಂತರವಾಗಿ ನಿಮ್ಮ ಕಡೆಗೆ ಮೆಲ್ಲನೆ ಎಳೆದರೆ ರೀಲು ಯಾವ ಕಡೆಗೆ ಉರುಳುತ್ತದೆ? ದಾರ ಬಿಚ್ಚುತ್ತ ದೂರ ಹೋಗುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ. ರೀಲು ದಾರವನ್ನು ಸುತ್ತಿಕೊಳ್ಳುತ್ತ ನಿಮ್ಮ ಕಡೆಗೇ ಬರುತ್ತದೆ. ಆದರೆ ದಾರವನ್ನು ನೆಟ್ಟಗೆ ಮೇಲಕ್ಕೆ ಎಳೆದರೆ ಅದು ದೂರ ಹೋಗುತ್ತದೆ.

ನಡುವಿನ ಯಾವುದೋ ಒಂದು ಕೋನದಲ್ಲಿ ಅದು ಎರಡೂ ಕಡೆಗೆ ಉರುಳಬಾರದು. ಆ ಕೋನವನ್ನು ಕಂಡುಹಿಡಿಯಲು ಘರ್ಷಣೆಯ ಬಲ, ಲಂಬ ಬಲ, ರೀಲಿನ ಇನರ್ಷಿಯಾ ಯಾವುದೂ ಬೇಡ. ರೀಲು ಮೇಜನ್ನು ಮುಟ್ಟುವ ಬಿಂದುವನ್ನು ಅಕ್ಷವಾಗಿ ಹಿಡಿದು, ದಾರದ ರೇಖೆಯನ್ನು ಚಿತ್ರದಲ್ಲಿ ಹಿಂದಕ್ಕೆ ಬೆಳೆಸಿ. ಅದು ಆ ಬಿಂದುವಿನ ಮೂಲಕ ಹೋದಾಗ ಎಳೆತದ ಟಾರ್ಕೂ ಸೊನ್ನೆ. ಉರುಳೆಯ ತ್ರಿಜ್ಯ 1 ಸೆಂಟಿಮೀಟರು, ಅಂಚಿನ ತ್ರಿಜ್ಯ 2 ಸೆಂಟಿಮೀಟರು ಇದ್ದರೆ ದಾರ ಮೇಜಿನಿಂದ 60 ಡಿಗ್ರಿ ಮೇಲಿರುವಾಗ ಹೀಗಾಗುತ್ತದೆ. ಕೋನಮಾಪಕವನ್ನು ಹಿಂದಿಟ್ಟುಕೊಂಡು, ಕೈಯನ್ನು ಮೇಜಿನ ಮಟ್ಟದಿಂದ ಸ್ವಲ್ಪ ಸ್ವಲ್ಪವಾಗಿ ಮೇಲೆತ್ತುತ್ತ ಎಳೆಯಿರಿ. ನಿಮ್ಮ ಕಡೆಗೆ ಬರುತ್ತಿದ್ದ ರೀಲು 60 ಡಿಗ್ರಿಯ ಹತ್ತಿರ ಉರುಳುವುದನ್ನು ನಿಲ್ಲಿಸುತ್ತದೆ. ಅಲ್ಲಿ ಇನ್ನೂ ಜೋರಾಗಿ ಎಳೆದರೆ ಒಂದು ಸುತ್ತೂ ತಿರುಗದೆ ಮೇಜಿನ ಮೇಲೆ ಜಾರುತ್ತ ಬರುತ್ತದೆ.